ಬೆಟ್ಟದ ಅರಮನೆಯೋ, ಕೆರೆಯ ಅರಮನೆಯೋ

ಜೂನ್ 4

ಮಗಳೇ,

ಹೇಗಿದ್ದೀಯ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎಂದು ಬರೆಯುತ್ತೀಯ, ಅಷ್ಟಕ್ಕೇ ಕಾಗದ ಮುಗಿದುಹೋಗುತ್ತದೆ. ಅದಕ್ಕೇ ಕೇಳುವುದಿಲ್ಲ. ನಿನ್ನಮ್ಮ ಹೋದ ಮೇಲೆ ನಿನ್ನಿಂದ ಒಂದು ಸಾಲೂ ಬಂದಿಲ್ಲ. ಎದುರುಮನೆ ಟೈಲರಮ್ಮನ ಅಂಗಡಿಗೆ ಒಮ್ಮೆ ಫೋನು ಮಾಡಿದ್ದೆಯಂತೆ, ನಾನು ಓಡಿ ಹೋಗುವಷ್ಟರಲ್ಲಿ ನೀನು ಇಟ್ಟುಬಿಟ್ಟಿದ್ದೆ. ಇರಲಿ, ಫೋನಿನಲ್ಲಿ ನಾವಿಬ್ಬರು ಮಾತಾಡಿದರೆ ಆಗುವುದು ಜಗಳವೇ. ಕಾಗದವಾದರೆ ಒಬ್ಬರು ಬೈಯುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಲು ಬರುವುದಿಲ್ಲ.

ವಿಷಯ ಏನೆಂದರೆ, ನಮ್ಮ ಕಂಟ್ರಾಕ್ಟರು ಎಳೆದಾಡುತ್ತಿದ್ದ ಆ ದೊಡ್ಡ ಕಟ್ಟಡದ ಬಣ್ಣದ ಕೆಲಸ ಅಂತೂ ಇಂತೂ ಮುಗಿಯಿತು. ಆ ಖುಷಿಗೆ ಪೇಂಟರುಗಳನ್ನೆಲ್ಲ ಬಸ್ಸಿನಲ್ಲಿ ನಿಮ್ಮ ಊರಿಗೆ ಕರೆದುಕೊಂಡು ಬರುತ್ತಾರಂತೆ. ಆಗಸ್ಟ್ ತಿಂಗಳ ಮೊದಲ ಶನಿವಾರ. ಬೆಳಿಗ್ಗೆ ಬಣ್ಣದ ಕಂಪನಿಗಳ ಪ್ರದರ್ಶನ. ಮಧ್ಯಾಹ್ನ ಯಾರು ಎಲ್ಲಿಗೆ ಬೇಕಾದರೂ ಹೋಗಬಹುದು. ಕತ್ತಲಾಗುವ ಮೊದಲು ಬಸ್ಸು ವಾಪಸ್ಸು. ನಮ್ಮ ಏಣಿ ನೆನಪಿದ್ದಾನಲ್ಲ, ನೆಲದ ಮೇಲೆ ನಿಂತೇ ಸೀಲಿಂಗ್ ಬಳಿಯುವ ಉದ್ದನೆಯವನು, ಅವನು ಸಿನಿಮಾಕ್ಕೆ ಹೋಗುತ್ತಾನಂತೆ.

ನನಗೆ ಅರಮನೆ ನೋಡಬೇಕು, ನಿನ್ನ ಜೊತೆ. ನಿಮ್ಮೂರಿನಲ್ಲಿ ಎರಡಿವೆ ಎನ್ನುತ್ತಾರೆ, ಬೆಟ್ಟದ ಮೇಲೊಂದು, ಕೆರೆಯ ದಂಡೆಯಲ್ಲೊಂದು. ಊರಿನ ಆ ತುದಿಗೊಂದು, ಈ ತುದಿಗೊಂದು. ಒಂದು ಮಧ್ಯಾಹ್ನದಲ್ಲಿ ಒಂದನ್ನೇ ನೋಡಲಾದೀತು. ಯಾವುದು ಎಂದು ನೀನೇ ಹೇಳಬೇಕು. ನಿನ್ನಮ್ಮ ಮಾಡಿಟ್ಟ ಕಾನೂನು ಮರೆತಿಲ್ಲ ತಾನೇ? ಎಲ್ಲಿಗಾದರೂ ಹೊರಡುವಾಗ ಮನೆಯಲ್ಲಿ ಯಾರು ಮುಖ ಊದಿಸಿಕೊಂಡಿದ್ದಾರೋ ಅವರೇ ಜಾಗ ಆರಿಸಬೇಕು. ಆರಿಸಿದ ಮೇಲೆ ಹೊಟ್ಟೆಯಲ್ಲಿರುವುದನ್ನೆಲ್ಲ ದಾರಿಯಲ್ಲಿ ಹೇಳಿಬಿಡಬೇಕು. ಮಿಕ್ಕವರು ತುಟಿ ಪಿಟಕ್ಕೆನ್ನದೆ ಕೇಳಿಸಿಕೊಳ್ಳಬೇಕು. ಈಗ ಮನೆಯಲ್ಲಿ ಉಳಿದಿರುವವರು ಇಬ್ಬರು. ಮುಖ ಊದಿಸಿಕೊಂಡಿರುವವರು ಯಾರು ಎಂದು ನಾನು ಬರೆಯಬೇಕಾಗಿಲ್ಲ.

ನಿನ್ನ ಉತ್ತರಕ್ಕೆ ಬಾಗಿಲು ನೋಡುತ್ತಿರುವ,
ಅಪ್ಪ

ಜೂನ್ 19

ಅಪ್ಪ ಅವರಿಗೆ,

ಕಾಗದ ತಲುಪಿತು. ನನಗೆ ಯಾವ ಮುನಿಸೂ ಇಲ್ಲ. ಹಾಗಾಗಿ ಆರಿಸುವ ಹಕ್ಕೂ ನನ್ನದಲ್ಲ. ನೀವೇ ಆರಿಸಿ. ನಿಮ್ಮ ಅನುಕೂಲಕ್ಕೆ ವಿವರ ಕೊಡುತ್ತೇನೆ.

ಬೆಟ್ಟದ ಅರಮನೆ ಹಳೆಯದು. ರಾಜರು ಆಳಿದ್ದು ಅಲ್ಲಿಂದ. ಸಿಂಹಾಸನ, ಕತ್ತಿ, ಗುರಾಣಿ, ದರ್ಬಾರು ಹಾಲ್ ಇವೆ. ಅರ್ಧ ಬೆಟ್ಟದವರೆಗೆ ಬಸ್ಸು ಹೋಗುತ್ತದೆ, ಆಮೇಲೆ ಮೆಟ್ಟಿಲು. ನಿಮ್ಮ ಮಂಡಿಗೆ ಕಷ್ಟ. ಕೆರೆಯ ಅರಮನೆ ಚಿಕ್ಕದು, ನೆಲ ಸಮತಟ್ಟು. ಕೊನೆಯ ರಾಣಿ ಅಲ್ಲಿದ್ದರಂತೆ. ತೋಟವಿದೆ, ಕೂರಲು ಬೆಂಚುಗಳಿವೆ. ಎರಡೂ ಸಂಜೆ ಐದಕ್ಕೆ ಮುಚ್ಚುತ್ತವೆ. ನಾನು ಎರಡನ್ನೂ ನೋಡಿಲ್ಲ, ನಮ್ಮ ಎಕ್ಸ್‌ರೇ ವಿಭಾಗದಲ್ಲಿ ಜೊತೆಗೆ ಕೆಲಸ ಮಾಡುವವಳು ಹೇಳಿದ್ದು.

ಆಸ್ಪತ್ರೆಯಲ್ಲಿ ಕೆಲಸ ಹೆಚ್ಚು. ಮಾತ್ರೆ ತಪ್ಪಿಸಬೇಡಿ.

ಇತಿ,
ಮಗಳು

ಜುಲೈ 1

ಮಗಳೇ,

‘ಅಪ್ಪ ಅವರಿಗೆ’, ‘ನೀವೇ ಆರಿಸಿ’. ಓದಿ ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ದೊಡ್ಡ ಮನುಷ್ಯರು ಬಂದು ನಿಂತಿದ್ದಾರೇನೋ ಎಂದು. ಮಾತು ಕಲಿತಾಗಿನಿಂದ ನನ್ನನ್ನು ನೀನು ಎಂದೇ ಕರೆದವಳು ನೀನು. ಮುನಿಸಿಲ್ಲವಂತೆ ಮುನಿಸು! ಎಕ್ಸ್‌ರೇಗೆ ಬಂದವರಿಗೆ ‘ಉಸಿರು ಎಳ್ಕೊಳಿ, ಹಿಡ್ಕೊಳಿ, ಬಿಡಿ’ ಎನ್ನುತ್ತೀಯಲ್ಲ, ಅದೇ ದನಿಯಲ್ಲಿದೆ ಕಾಗದ. ನಾನು ಉಸಿರು ಹಿಡಿದುಕೊಂಡೇ ಓದಿ ಮುಗಿಸಿದೆ.

ನನಗೂ ಮುನಿಸಿಲ್ಲ. ಆರಿಸುವುದು ನನ್ನಿಂದಾಗದು.

ನೀನು ಚಿಕ್ಕವಳಿದ್ದಾಗ ಕೂದಲು ಕತ್ತರಿಸಲು ನಾನು ಬಿಡಲಿಲ್ಲ ಎಂದು ಮುಖ ಊದಿಸಿಕೊಂಡು ರೈಲ್ವೆ ಸ್ಟೇಷನ್ ಆರಿಸಿದ್ದು ನೆನಪಿದೆಯಾ? ರೈಲು ಹತ್ತಲಿಕ್ಕಲ್ಲ, ಸುಮ್ಮನೆ ಬೆಂಚಿನ ಮೇಲೆ ಕೂರಲಿಕ್ಕೆ. ದಾರಿಯುದ್ದಕ್ಕೂ ನನ್ನನ್ನು ಬೈದೆ. ನಾನು ಬಾಯಿ ತೆರೆದಾಗಲೆಲ್ಲ ನಿನ್ನಮ್ಮ ಕಣ್ಣಲ್ಲೇ ಗದರುತ್ತಿದ್ದಳು. ಬೈದು ಬೈದು ಸುಸ್ತಾಗಿ ಬೆಂಚಿನ ಮೇಲೇ ನಿದ್ದೆ ಹೋದೆ, ನಾನೇ ಹೆಗಲ ಮೇಲೆ ಹಾಕಿಕೊಂಡು ಬಂದೆ. ಮರುದಿನ ಕೂದಲೂ ಕತ್ತರಿಸಿದ್ದಾಯಿತು. ನನಗೆ ಹೇಳದೆ ಅಮ್ಮ ಮಗಳು ಸೇರಿ ಮಾಡಿದ ಕೆಲಸ ಅದು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಎರಡು ಕೋಣೆಯ ಬಾಡಿಗೆ ಮನೆಯನ್ನು ಎಷ್ಟು ಹೊತ್ತು ಅಂತ ಗುಡಿಸುವುದು? ಅಡುಗೆ ಪರವಾಗಿಲ್ಲ, ಉಪ್ಪು ಒಂದು ಮಾತ್ರ ಕೈಗೆ ಹತ್ತುತ್ತಿಲ್ಲ. ಕಿಟಕಿ ಪಕ್ಕದ ಮಂಚವನ್ನು ಸರಿಸೋಣ ಎಂದು ಒಂದು ದಿನ ಏಣಿಯನ್ನು ಕರೆದುಕೊಂಡು ಬಂದೆ. ಅವನು ಆ ತುದಿ ಹಿಡಿದ, ನಾನು ಈ ತುದಿ ಹಿಡಿದೆ, ಎತ್ತಲಿಲ್ಲ. ‘ಇನ್ನೊಂದಿನ ನೋಡೋಣ ಬಿಡು’ ಎಂದು ಅವನೇ ಹೇಳಿದ. ಆ ವಿಷಯ ಕಾಗದದಲ್ಲಿ ಬೇಡ.

ಯಾವ ಅರಮನೆ, ಹೇಳು.

‘ನೀವು’ ಅಲ್ಲದ,
ನಿನ್ನ ಅಪ್ಪ

ಜುಲೈ 14

ಅಪ್ಪಾ,

ನೀನು ಆರಿಸುವುದಿಲ್ಲ, ನಾನು ಆರಿಸುವುದಿಲ್ಲ ಎಂದು ಕೂತರೆ ಆಗಸ್ಟ್ ಬಂದು ಹೋಗಿಬಿಡುತ್ತದೆ. ಮುನಿಸಿನ ಮಾತೇ ಬೇಡ, ನಿನ್ನ ಮಂಡಿಗೆ ಯಾವುದು ವಾಸಿ ಎಂದು ನೋಡಿ ಬರೋಣ ಎಂದುಕೊಂಡು ಭಾನುವಾರ ಹೊರಟೆ. ಮೊದಲು ಕೆರೆಯ ಅರಮನೆಗೆ ಹೋದೆ. ಆಮೇಲೆ ಬೆಟ್ಟಕ್ಕೆ ಹೋಗಲಿಲ್ಲ.

ಅಲ್ಲಿ ಕೊನೆಯಲ್ಲಿ ರಾಣಿಯ ಮಲಗುವ ಕೋಣೆ. ಹಗ್ಗ ಕಟ್ಟಿದ್ದಾರೆ, ಈಚೆ ನಿಂತು ನೋಡಬೇಕು. ಕಿಟಕಿಯ ಪಕ್ಕ ಒಂದು ಮಂಚ. ಕೋಣೆ ಕಾಯುವ ಹೆಂಗಸೇ ಬಂದವರಿಗೆ ಕಥೆಯನ್ನೂ ಹೇಳುತ್ತಾಳೆ. ‘ರಾಣಿಯವರಿಗೆ ಕಾಯಿಲೆ ಜೋರಾದಾಗ ದೂರದಿಂದ ಡಾಕ್ಟ್ರು ಬಂದ್ರು, ಮಗ ಬಂದ್ರು. ದೊಡ್ಡ ಆಸ್ಪತ್ರೆಗೆ ಹೋಗೋಣ ಅಂತ ಕೈಕಾಲು ಹಿಡ್ಕೊಂಡ್ರು. ರಾಣಿಯವರು ಯಾರ ಮಾತೂ ಕೇಳ್ಲಿಲ್ಲ. ಇದೇ ಮಂಚದ ಮೇಲೆ, ಇದೇ ಕೆರೆ ನೋಡ್ತಾ ನೋಡ್ತಾ ಹೋಗ್ಬಿಟ್ರು.’ ಎಲ್ಲರೂ ಲೊಚಗುಟ್ಟಿದರು. ಒಬ್ಬಾಕೆ ‘ಎಂಥಾ ಪುಣ್ಯವಂತೆ’ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಂದ ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ.

ಹೌದು, ನನಗೆ ಮುನಿಸಿದೆ. ನನ್ನ ಆಯ್ಕೆ ಬೆಟ್ಟದ ಅರಮನೆ. ಆ ಮಂಚದ ಮುಂದೆ ನಿನ್ನ ಪಕ್ಕ ನಾನು ನಿಲ್ಲಲಾರೆ. ದಾರಿಯಲ್ಲಿ ಹೇಳಬೇಕಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಮ್ಮ ಆಸ್ಪತ್ರೆಯಲ್ಲಿ ಅಮ್ಮನಿಗೆ ಹಾಸಿಗೆ ಹೇಳಿಟ್ಟಿದ್ದೆ. ಹಿರಿಯ ಡಾಕ್ಟರು ತಾವೇ ನೋಡುತ್ತೇನೆ ಎಂದಿದ್ದರು. ಮನೆ ಬಾಗಿಲಿಗೆ ಆಂಬುಲೆನ್ಸ್ ತಂದೆ. ನೀನು ಬಾಗಿಲಿಗೆ ಅಡ್ಡ ನಿಂತು ‘ಅವಳು ಬರಲ್ಲ ಅಂತಾಳೆ’ ಎಂದೆ. ಕಾಯಿಲೆಯವರನ್ನು ಹಾಗೆ ಕೇಳುತ್ತಾರೇನಪ್ಪಾ? ನಾನು ದಿನಾ ನೋಡುತ್ತೇನೆ. ಎಕ್ಸ್‌ರೇ ಟೇಬಲ್ ಹತ್ತಲು ಎಲ್ಲರೂ ಬೇಡ ಎನ್ನುತ್ತಾರೆ. ತಣ್ಣಗಿದೆ, ಭಯ, ಮನೆಗೆ ಹೋಗ್ತೀನಿ ಎನ್ನುತ್ತಾರೆ. ಕೈ ಹಿಡಿದು ಹತ್ತಿಸುತ್ತೇವೆ. ಅವರಲ್ಲಿ ಕೆಲವರು ಗುಣವಾಗಿ ನಡೆದುಕೊಂಡು ಹೋಗುತ್ತಾರೆ. ಎಲ್ಲರೂ ಅಲ್ಲ, ನನಗೆ ಗೊತ್ತು. ಆ ಕೆಲವರಲ್ಲಿ ಅಮ್ಮ ಒಬ್ಬಳಾಗಬಹುದಿತ್ತು. ನೀನು ಬಿಡಲಿಲ್ಲ.

ಖಾಲಿ ಆಂಬುಲೆನ್ಸಿನಲ್ಲಿ ಡ್ರೈವರ್ ಪಕ್ಕ ಕೂತು ವಾಪಸ್ಸು ಬಂದೆ. ಮುಂದಿನ ಸಲ ಬಂದಾಗ ಅವಳಿರಲಿಲ್ಲ. ನೀನು ನನ್ನ ಕೈ ಹಿಡಿಯಲು ಬಂದೆ, ನಾನು ಬಿಡಿಸಿಕೊಂಡೆ. ಈಗಲೂ ಹಿಡಿಯಲು ಬಂದರೆ ಏನು ಮಾಡುತ್ತೇನೋ ಗೊತ್ತಿಲ್ಲ.

ಮಗಳು

ಜುಲೈ 22

ಮಗಳೇ,

ಓದಿದೆ. ಕಾನೂನಿನ ಪ್ರಕಾರ ನಡುವೆ ಬಾಯಿ ಹಾಕಲಿಲ್ಲ. ಬೈಯುವಾಗ ಮತ್ತೆ ‘ನೀನು’ ಎಂದೆಯಲ್ಲ, ಅದಕ್ಕೆ ಜೀವ ಬಂದ ಹಾಗಾಯಿತು. ಈಗ ನನ್ನದನ್ನು ಕೇಳು. ಮುನಿಸಿಲ್ಲ ಎಂದು ನಾನು ಬರೆದದ್ದು ಸುಳ್ಳು.

ಆಂಬುಲೆನ್ಸ್ ತಂದ ದಿನ ನೀನು ಚಪ್ಪಲಿಯನ್ನೂ ಬಿಚ್ಚಲಿಲ್ಲ. ಅಮ್ಮನ ಹತ್ತಿರ ಒಂದು ಗಳಿಗೆ ಕೂರಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಜೊತೆ ಜಗಳವಾಡಿದೆ. ‘ಇಲ್ಲೇ ಬಿಟ್ರೆ ಸಾಯ್ತಾಳೆ’ ಎಂದು ಕೂಗಿದೆ. ಅವಳ ಕಿವಿ ಚೆನ್ನಾಗಿಯೇ ಇತ್ತು, ಮಗಳೇ. ಟೈಲರಮ್ಮನ ಅಂಗಡಿಗೆ ಕೇಳಿಸಿದ್ದು ಒಳಗಿನ ಕೋಣೆಗೆ ಕೇಳಿಸದಿರುತ್ತದೆಯೇ? ಗಾಡಿ ಹೋದ ಮೇಲೆ ಗೋಡೆಯ ಕಡೆ ತಿರುಗಿದವಳು ಸಂಜೆಯವರೆಗೂ ಈ ಕಡೆ ತಿರುಗಲಿಲ್ಲ. ಅದನ್ನು ನಾನು ನೋಡಿಕೊಂಡು ಕೂರಬೇಕಾಯಿತು. ನೀನು ನೋಡಲಿಲ್ಲ.

ಅವಳು ಬೇಡ ಎಂದಳು. ನಾನು ಆಯಿತು ಎಂದೆ. ಅವಳೇನು ಮಗುವಲ್ಲ, ಬುದ್ಧಿ ಕೆಟ್ಟವಳಲ್ಲ. ಆಗಿನ್ನೂ ಎಲ್ಲ ತಿಳಿಯುತ್ತಿತ್ತು ಅವಳಿಗೆ. ಅದಕ್ಕೆ ನಾನು ನಿನ್ನ ಕ್ಷಮೆ ಕೇಳುವುದಿಲ್ಲ. ಅಂಥ ದಿನ ಇನ್ನೊಮ್ಮೆ ಬಂದರೂ ಹಾಗೇ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ.

ನನ್ನ ಆಯ್ಕೆ ಕೆರೆಯ ಅರಮನೆ. ನೀನು ನಿಲ್ಲಲಾರೆ ಎಂದ ಆ ಮಂಚದ ಮುಂದೆಯೇ ನಾನು ನಿನ್ನ ಪಕ್ಕ ನಿಲ್ಲಬೇಕು. ಇಬ್ಬರೂ ಒಟ್ಟಿಗೆ ಮುನಿಸಿಕೊಂಡರೆ ಯಾರ ಆಯ್ಕೆ ನಡೆಯಬೇಕು ಎಂದು ನಿನ್ನಮ್ಮ ಹೇಳಿ ಹೋಗಿಲ್ಲ. ಅವಳಿದ್ದಾಗ ಹಾಗಾಗಲು ಬಿಟ್ಟವಳೇ ಅಲ್ಲ. ಒಬ್ಬರದನ್ನು ಮುಗಿಸಿಯೇ ಇನ್ನೊಬ್ಬರದಕ್ಕೆ ಕೈ ಹಾಕುತ್ತಿದ್ದಳು.

ಅಪ್ಪ

ಜುಲೈ 28

ಅಪ್ಪಾ,

ಶನಿವಾರ ಮಧ್ಯಾಹ್ನ ರಜೆ ಹಾಕಿದ್ದೇನೆ. ಎರಡು ಗಂಟೆಗೆ ಬೆಟ್ಟದ ಅರಮನೆಯಲ್ಲಿ ಟಿಕೆಟ್ ಕೊಡುವ ಕಿಟಕಿಯ ಹತ್ತಿರ ಇರುತ್ತೇನೆ. ಮೊದಲು ಮುನಿಸು ಒಪ್ಪಿಕೊಂಡವಳು ನಾನು, ಆಯ್ಕೆ ನನ್ನದು. ಮೆಟ್ಟಿಲು ಹತ್ತುವಾಗ ಅವಸರ ಮಾಡಬೇಡ.

ಮಗಳು

ಜುಲೈ 31

ಮಗಳೇ,

ನಾನು ಕೆರೆಯ ಅರಮನೆಯಲ್ಲಿರುತ್ತೇನೆ, ರಾಣಿಯ ಕೋಣೆಯ ಬಳಿ. ಹಿರಿಯನು ನಾನು, ಆಯ್ಕೆ ನನ್ನದು. ಬಂದರೆ ಬಾ.

ಅಪ್ಪ

ಆಗಸ್ಟ್ 4

ಮಗಳೇ,

ಸುಖವಾಗಿ ಮನೆ ಸೇರಿದೆ. ಹೇಳಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ.

ಪ್ರದರ್ಶನದಲ್ಲಿ ನನಗೇನೂ ಕಾಣಿಸಲಿಲ್ಲ. ತಲೆಯಲ್ಲಿ ಒಂದೇ ಯೋಚನೆ. ಮಗಳು ಬೆಟ್ಟದ ಮೇಲೆ ಕಾಯುತ್ತಿದ್ದಾಳೆ, ನಾನು ಹಿರಿಯ ಎಂದು ಬೀಗಿಕೊಂಡು ಕೆರೆಯ ದಂಡೆಯಲ್ಲಿ ಕೂತರೆ ಏನು ಬಂತು? ಏಣಿ ‘ಹೋಗು ಮಾರಾಯ, ಸೋತ್ರೆ ಮಗಳಿಗೆ ತಾನೇ ಸೋಲೋದು’ ಎಂದು ಬೆಟ್ಟದ ಬಸ್ಸು ಹತ್ತಿಸಿದ. ಮೆಟ್ಟಿಲುಗಳನ್ನು ಕೂತು ಕೂತು ಹತ್ತಿದೆ. ಟಿಕೆಟ್ ಕಿಟಕಿಯ ಹತ್ತಿರ ನೀನಿರಲಿಲ್ಲ. ತಡವಾಗಿರಬೇಕು, ಆಸ್ಪತ್ರೆಯ ಕೆಲಸ ಎಂದುಕೊಂಡೆ. ಕಟ್ಟೆಯ ಮೇಲೆ ಕೂತೆ. ಕೆಳಗಿನಿಂದ ಹೆಣ್ಣುಮಕ್ಕಳ ತಲೆ ಕಂಡಾಗಲೆಲ್ಲ ಎದ್ದು ನಿಂತೆ.

ಟಿಕೆಟ್ ಕೊಡುವವನು ‘ಯಾರಿಗೆ ಕಾಯ್ತಿದೀರಿ ಯಜಮಾನ್ರೇ?’ ಎಂದು ಕೇಳಿದ. ಮಗಳಿಗೆ ಎಂದೆ. ‘ಬರ್ತಾಳೆ ಬಿಡಿ’ ಎಂದ. ಐದಕ್ಕೆ ಕಿಟಕಿ ಮುಚ್ಚುವಾಗ ಅವನು ನನ್ನ ಮುಖ ನೋಡಲಿಲ್ಲ.

ಒಳಗೆ ಹೋಗಲಿಲ್ಲ. ಅರಮನೆಯ ಹೊರಗೋಡೆಯನ್ನಷ್ಟೇ ನೋಡಿದ್ದು. ಚೆನ್ನಾಗಿ ಬಳಿದಿದ್ದಾರೆ.

‘ಬಂದರೆ ಬಾ’ ಎಂಬ ನನ್ನ ಕಾರ್ಡು ನೋಡಿ ನಿನಗೆ ಬೇಸರವಾಗಿರಬೇಕು, ಅದಕ್ಕೇ ನೀನು ಮನೆಯಲ್ಲೇ ಉಳಿದುಬಿಟ್ಟೆ. ತಪ್ಪಿಲ್ಲ. ಇನ್ನು ನಿನಗೆ ತೊಂದರೆ ಕೊಡುವುದಿಲ್ಲ. ಆರೋಗ್ಯ ನೋಡಿಕೋ.

ಅಪ್ಪ

ಆಗಸ್ಟ್ 4

ಅಪ್ಪಾ,

ನೀನೇ ಆರಿಸಿದ ಜಾಗಕ್ಕೆ ನೀನೇ ಬರಲಿಲ್ಲ.

ಬೆಟ್ಟಕ್ಕೆಂದೇ ಹೊರಟಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ, ನೀನು ಆ ಕೋಣೆಯಲ್ಲಿ ಒಬ್ಬನೇ ಹಗ್ಗ ಹಿಡಿದು ನಿಂತಿರುವುದು ಕಣ್ಣಿಗೆ ಕಟ್ಟಿತು. ಕೆರೆಯ ಬಸ್ಸು ಹತ್ತಿದೆ. ಎರಡಕ್ಕಿಂತ ಮೊದಲೇ ಹೋದೆ. ಮುಚ್ಚುವವರೆಗೂ ಇದ್ದೆ. ಕೋಣೆ ಕಾಯುವ ಹೆಂಗಸು ನಾನು ನಿಂತೇ ಇರುವುದನ್ನು ನೋಡಲಾರದೆ ತನ್ನ ಸ್ಟೂಲನ್ನೇ ಕೊಟ್ಟಳು. ‘ಯಾರೋ ಬರ್ಬೇಕಿತ್ತೇನಮ್ಮ?’ ಎಂದಳು. ನಮ್ಮಪ್ಪ ಎಂದೆ.

ಅವಳು ಗುಂಪು ಬಂದಾಗಲೆಲ್ಲ ಅದೇ ಕಥೆ ಹೇಳಿದಳು. ಡಾಕ್ಟರು ಬಂದರು, ಮಗ ಬಂದ, ರಾಣಿ ಕೇಳಲಿಲ್ಲ. ಮೊದಲೆರಡು ಸಲ ಹಲ್ಲು ಕಚ್ಚಿಕೊಂಡು ಕೂತೆ. ಆಮೇಲೆ ಕೋಪವೂ ದಣಿಯಿತು. ಆಗ ನೋಡಿದೆ, ಮಂಚದ ತಲೆಯ ಕಡೆ ಒಂದು ಗಿಡ್ಡ ಕುರ್ಚಿ ಇದೆ. ಅದರ ಬಗ್ಗೆ ಅವಳು ಒಂದು ಸಲವೂ ಏನೂ ಹೇಳಲಿಲ್ಲ. ‘ಅದ್ರಲ್ಲಿ ಯಾರು ಕೂತಿರ್ತಿದ್ರು?’ ಎಂದು ಕೇಳಿದೆ. ‘ಗೊತ್ತಿಲ್ಲಮ್ಮ, ಯಾರೂ ಕೇಳಿಲ್ಲ ಇಲ್ಲಿವರೆಗೂ’ ಎಂದಳು.

ನಾನೂ ನಿನ್ನನ್ನು ಕೇಳಿಲ್ಲ. ನೀನು ಬರದಿದ್ದರೂ ಸರಿ, ಉತ್ತರ ಮಾತ್ರ ಬರೆ. ಕೊನೆಯ ದಿನಗಳಲ್ಲಿ ನೀನು ಎಲ್ಲಿ ಕೂತಿರುತ್ತಿದ್ದೆ? ಅಮ್ಮ ನನ್ನನ್ನು ಕೇಳಿದಳಾ?

ಮಗಳು

ಆಗಸ್ಟ್ 12

ಮಗಳೇ,

ಇಷ್ಟು ಹೊತ್ತಿಗೆ ನನ್ನ ಕಾಗದ ನಿನ್ನ ಕೈಸೇರಿದೆ, ನಿನ್ನದು ನನ್ನ ಕೈಯಲ್ಲಿದೆ. ನಾನು ನಿನ್ನ ಬೆಟ್ಟದ ಮೇಲೆ, ನೀನು ನನ್ನ ಕೆರೆಯ ಬಳಿ. ಏಣಿಗೆ ಹೇಳಿದೆ. ಬ್ರಷ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ನೀನು ಎರಡು ಮಾತು ಕೇಳಿದ್ದೀಯ. ಸುಳ್ಳು ಬರೆದರೆ ಇಬ್ಬರಿಗೂ ಸುಲಭ. ಆದರೆ ಮೂರು ಗಂಟೆ ಆ ಮಂಚದ ಮುಂದೆ ಕೂತು ಬಂದವಳಿಗೆ ಸುಳ್ಳು ಬರೆಯಲು ಕೈ ಬರುವುದಿಲ್ಲ.

ನಾನು ಕೂರುತ್ತಿರಲಿಲ್ಲ. ಪಕ್ಕದಲ್ಲಿ ಕೂತರೆ ಅವಳು ‘ಏನು ಕಾಯ್ತಾ ಕೂತಿದೀರಿ?’ ಎನ್ನುತ್ತಿದ್ದಳು. ಕಾಯುವುದಾದರೂ ಏನನ್ನು, ಹೇಳು. ಅದಕ್ಕೇ ಕೆಲಸದವನ ಹಾಗೆ ಕೈಗೆ ಬಿರುಕು ಮೆತ್ತುವ ಪುಟ್ಟಿ ತೆಗೆದುಕೊಂಡೆ. ಕಿಟಕಿಯ ಚೌಕಟ್ಟಿನಲ್ಲಿ ಬಿರುಕುಗಳಿದ್ದವಲ್ಲ, ಅವನ್ನು ಒಂದೊಂದಾಗಿ ತುಂಬುತ್ತಿದ್ದೆ. ಒಂದು ಕಣ್ಣು ಅವಳ ಮೇಲೆ. ಬಿರುಕು ಮುಗಿದ ಮೇಲೆ ಚಾಕುವಿನಲ್ಲಿ ಕೆರೆದು ತೆಗೆದು ಮತ್ತೆ ತುಂಬಿದೆ.

ನೀನು ಬಂದು ಹೋದ ಮೇಲೆ ಅವಳು ಬಾಯಿಬಿಟ್ಟು ನಿನ್ನನ್ನು ಕೇಳಲಿಲ್ಲ. ನಾಳೆ ಫೋನು ಮಾಡಿಸೋಣ, ನಾಡಿದ್ದು ಮಾಡಿಸೋಣ ಎಂದು ನಾನೇ ಅಂದಾಗ ಸುಮ್ಮನಿರುತ್ತಿದ್ದಳು. ಕೊನೆಯ ಎರಡು ದಿನ ಅವಳಿಗೆ ಯಾರ ನೆನಪೂ ಇರಲಿಲ್ಲ. ನಿನ್ನದೂ ಇಲ್ಲ, ನನ್ನದೂ ಇಲ್ಲ. ಇದನ್ನು ನಾನು ಏಣಿಗೂ ಹೇಳಿಲ್ಲ, ಟೈಲರಮ್ಮನಿಗೂ ಹೇಳಿಲ್ಲ.

ಕಿಟಕಿಯ ಹತ್ತಿರ ನಿಂತಿದ್ದ ನನ್ನನ್ನು ನೋಡಿ, ಬಣ್ಣ ಬಳಿಯಲು ಬಂದ ಯಾರೋ ಪೇಂಟರು ಎಂದುಕೊಂಡಳು. ‘ಇನ್ನೂ ಎಷ್ಟೊತ್ತಾಗುತ್ತಪ್ಪ?’ ಎಂದಳು. ‘ಸಂಜೆಗೆ ಮುಗಿಯುತ್ತಮ್ಮ’ ಎಂದೆ. ‘ಸರಿ, ನಿಧಾನಕ್ಕೆ ಮಾಡು. ನಮ್ಮನೆಯವ್ರೂ ಇದೇ ಕೆಲಸ. ಬರೋ ಹೊತ್ತಾಯ್ತು. ಬಂದ್ಮೇಲೆ ನಿಂಗೂ ಟೀ ಮಾಡ್ತೀನಿ, ಕುಡ್ಕೊಂಡು ಹೋಗು’ ಎಂದಳು. ಆಯಿತಮ್ಮ ಎಂದೆ. ಅವಳು ಬಾಗಿಲು ನೋಡುತ್ತಾ ಮಲಗಿದಳು. ನಾನು ಅಲ್ಲೇ ನಿಂತಿದ್ದೆ, ಅವಳು ನನಗಾಗಿ ಬಾಗಿಲು ನೋಡುತ್ತಿದ್ದಳು. ಅವಳ ಕೊನೆಯ ಮಾತು ಅದೇ.

ನಿನ್ನ ಆಸ್ಪತ್ರೆಗೆ ಬಂದಿದ್ದರೆ ಉಳಿಯುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ನಾನು ಅಡ್ಡ ನಿಂತದ್ದು ಸರಿ ಎಂದು ಈಗಲೂ ಹೇಳುತ್ತೇನೆ, ನೀನು ಕರೆದೊಯ್ಯಲು ಬಂದದ್ದೂ ಸರಿ ಎಂದು ಹೇಳುತ್ತೇನೆ. ಎರಡೂ ಹೇಗೆ ಸರಿಯಾಗುತ್ತದೆ ಎಂದು ಕೇಳಬೇಡ, ನನಗೆ ಅಷ್ಟು ಬುದ್ಧಿಯಿಲ್ಲ. ಆದರೆ ಅವಳ ವಿಷಯ ಮಾತಾಡಲು ನನಗೆ ನೀನಲ್ಲದೆ ಯಾರೂ ಇಲ್ಲ.

ನಿನ್ನ,
ಅಪ್ಪ

ಆಗಸ್ಟ್ 20

ಅಪ್ಪಾ,

ನಿನ್ನ ಕಾಗದವನ್ನು ಎಕ್ಸ್‌ರೇ ಕೋಣೆಯಲ್ಲಿ ಓದಿದೆ. ಹೊರಗೆ ಬೆಂಚಿನ ತುಂಬ ಜನ ಕೂತಿದ್ದರು. ಜೊತೆಯವಳು ನನ್ನ ಮುಖ ನೋಡಿ ಏನೂ ಕೇಳದೆ ಬಾಗಿಲು ಮುಂದೆ ಮಾಡಿಕೊಂಡು, ನನ್ನ ಸರದಿಯವರನ್ನೂ ಪಕ್ಕದ ಕೋಣೆಯಲ್ಲಿ ತಾನೇ ನೋಡಿದಳು.

ನನ್ನ ಕೋಪ ಪೂರ್ತಿ ಹೋಗಿಲ್ಲ. ಹೋಗಿದೆ ಎಂದರೆ ಅದೂ ಸುಳ್ಳಾಗುತ್ತದೆ. ಮಿಕ್ಕದ್ದನ್ನು ಎದುರಿಗೇ ಬೈಯುತ್ತೇನೆ. ನೀನೂ ಬೈಯಿ. ಒಂದು ವಾರ ರಜೆ ಸಿಕ್ಕಿದೆ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಬಸ್ ಸ್ಟ್ಯಾಂಡಿಗೆ ಮಾತ್ರ ಬರಬೇಡ ಅಪ್ಪಾ, ನಾವಿಬ್ಬರು ಅಲ್ಲೂ ತಪ್ಪಿಸಿಕೊಳ್ಳುತ್ತೇವೆ. ಮನೆಯಲ್ಲೇ ಇರು.

ಬರುತ್ತಿರುವ,
ನಿನ್ನ ಮಗಳು